ದ್ರವ ಹರಳು ಮತ್ತು ಔಷಧಿ ಹೊಡೆಯುವವರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಹೇಳಹೊರಟಿರುವುದು ಗದ್ದೆಗೆ ಔಷಧಿ ಹೊಡೆಯುವವರ ವಿಷಯ. ಹೊಸಪೇಟೆಯಿಂದ ಕಂಪ್ಲಿ ಕಡೆಗೆ ಹೋಗುವಾಗ ಬೆನ್ನಿಗೆ ಪಂಪು, ಬಾಯಿಗೆ ಟವೆಲ್ಲು ಕಟ್ಟಿಕೊಂಡು ಭತ್ತದ ಗದ್ದೆಯಲ್ಲಿ ನಡೆಯುವವರನ್ನು ನಾವೆಲ್ಲ ನೋಡಿದ್ದೇವೆ. ವಿಷ ಎಷ್ಟು ಉಸಿರಿಗೆ ಹೋಯಿತೆಂದು ಅವರಿಗೆ ಗೊತ್ತಾಗುವುದು ತಲೆ ಸುತ್ತಿದ ಮೇಲೆಯೇ. ಅದಕ್ಕೂ ಮೊದಲೇ ಎಚ್ಚರಿಸುವ ಒಂದು ಬ್ಯಾಡ್ಜು ಅಂಗಿಯ ಮೇಲಿದ್ದರೆ?

ಅದಕ್ಕೆ ಬೇಕಾದ ವಸ್ತು ನಿಮ್ಮ ಕ್ಯಾಲ್ಕುಲೇಟರಿನಲ್ಲೇ ಇದೆ. ಅದೇ ದ್ರವ ಹರಳು. ನೀರಿನಂತೆ ಹರಿಯುತ್ತದೆ, ಆದರೆ ಕಡ್ಡಿಯಂಥ ಅದರ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ ಎಸ್. ಚಂದ್ರಶೇಖರ್ ಅವರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಸಹೋದ್ಯೋಗಿಗಳ ಜೊತೆ, ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಹರಳು ಆಗುತ್ತದೆಂದು ಜಗತ್ತಿಗೆ ಮೊದಲು ತೋರಿಸಿದರು. ಇಷ್ಟು ದೊಡ್ಡ ಕೆಲಸದ ಸುದ್ದಿ ನಮ್ಮ ಹಳ್ಳಿಗಳಿಗೆ ಬರಲೇ ಇಲ್ಲ.

ಶಾಲೆಯ ಪ್ರಾರ್ಥನೆಯ ಸಾಲು ನೆನಪಿಸಿಕೊಳ್ಳಿ. ಮುಂದಿನವನು ನಿಂತಂತೆ ಹಿಂದಿನವರು. ಗಾಜಿಗೆ ಲೋಹದ ಲವಣವನ್ನು ತೆಳ್ಳಗೆ ಹಚ್ಚಿದರೆ, ದ್ರವ ಹರಳಿನ ಮೊದಲ ಸಾಲಿನ ಅಣುಗಳು ಆ ಲೋಹವನ್ನು ಒಂದು ತುದಿಯಿಂದ ಹಿಡಿದು ನೆಟ್ಟಗೆ ನಿಲ್ಲುತ್ತವೆ. ಹಿಂದಿನ ಸಾವಿರಾರು ಸಾಲುಗಳೂ ಹಾಗೆಯೇ. ಗಾಳಿಯಲ್ಲಿ ಬಂದ ರಾಸಾಯನಿಕ ಆ ಲೋಹವನ್ನು ಇನ್ನೂ ಗಟ್ಟಿಯಾಗಿ ಹಿಡಿದರೆ ಮೊದಲ ಸಾಲು ಕೈಬಿಡುತ್ತದೆ, ಎಲ್ಲವೂ ವಾಲುತ್ತವೆ. ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಕಪ್ಪಗಿದ್ದದ್ದು ಹೊಳೆಯತೊಡಗುತ್ತದೆ. ಬ್ಯಾಟರಿ ಬೇಡ, ಕಣ್ಣು ಸಾಕು. 2001ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನಿಕೊಲಸ್ ಆಬಟ್ ಮತ್ತು ರಾಹುಲ್ ಶಾ ರಂಜಕದ ಒಂದು ಸಂಯುಕ್ತವನ್ನು ಹೀಗೆ ಪತ್ತೆಹಚ್ಚಿ ತೋರಿಸಿದರು. ನಾವು ಹೊಡೆಯುವ ಎಷ್ಟೋ ಕೀಟನಾಶಕಗಳೂ ಅದೇ ವಂಶದವು.

ಕಷ್ಟವಿರುವುದು ಹಿಡಿತದಲ್ಲಿ. ಬಿಗಿಯಾದರೆ ವಿಷ ಬಂದರೂ ಬಿಡದು. ಸಡಿಲವಾದರೆ ಗಾಳಿಯ ತೇವಕ್ಕೇ ಬಿಟ್ಟುಬಿಡುತ್ತದೆ. ಕಾಲುವೆ ಬದಿಯ ಗದ್ದೆಯಲ್ಲಿ ತೇವಕ್ಕೇನು ಬರ! ಯಾವ ಲೋಹಕ್ಕೆ ಯಾವ ಅಣು ಎಂದು ಒಂದೊಂದನ್ನೂ ಮಾಡಿ ನೋಡುತ್ತ ಕೂತರೆ ವರ್ಷಗಟ್ಟಲೆ ಬೇಕು. ಆದ್ದರಿಂದ ಆಬಟ್ ಮತ್ತು ಅದೇ ವಿಶ್ವವಿದ್ಯಾಲಯದ ಮಾವ್ರಿಕಾಕಿಸ್ ಹಿಡಿತದ ಬಲವನ್ನು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆಮೇಲೆ ಪ್ರಯೋಗಕ್ಕೆ ಇಳಿದರು. ನನ್ನಂಥವನಿಗೆ ಹೊಟ್ಟೆಕಿಚ್ಚಾಗುವಂಥ ಕೆಲಸ ಅದು!

ಮಕ್ಕಳೇ, ಬಿ.ಇ. ಸೀಟು ಸಿಗದವರಿಗೆ ಬಿ.ಎಸ್ಸಿ. ಎಂಬ ಮಾತಿಗೆ ಕಿವಿಗೊಡಬೇಡಿ. ಚಂದ್ರಶೇಖರ್ ಬೆಂಗಳೂರಿನಲ್ಲಿ ಕಟ್ಟಿದ ದ್ರವ ಹರಳು ಸಂಶೋಧನಾ ಕೇಂದ್ರ ಈಗ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ರಸಾಯನಶಾಸ್ತ್ರ ಓದಿದವರು ಅಲ್ಲಿಗೆ ಹೋಗಬಹುದು.

ಅಂಥ ಬ್ಯಾಡ್ಜನ್ನು ನಮ್ಮ ಕಡೆಯ ಗೊಬ್ಬರದ ಅಂಗಡಿಗಳಲ್ಲಿ ನಾನಿನ್ನೂ ಕಂಡಿಲ್ಲ. ಅದು ಬರುವತನಕ, ಹಿರಿಯರೇ, ಎದುರುಗಾಳಿಯಲ್ಲಿ ಔಷಧಿ ಹೊಡೆಸಬೇಡಿ. ಕೈಗವಸು ಕೊಡದೆ ಆಳನ್ನು ಗದ್ದೆಗೆ ಇಳಿಸಬೇಡಿ.