ಶಾಸನಗಳನ್ನು ಓದಿದ ಮುಖ್ಯೋಪಾಧ್ಯಾಯರು
(ನಮ್ಮ ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಳೆದ ಬೇಸಿಗೆಯಲ್ಲಿ ನಮ್ಮ ಏಳನೆಯ ತರಗತಿಯ ಬಾಲಕನೊಬ್ಬನು ಬಂದು, ತನ್ನೂರಿನ ಬಾವಿಯ ಬಳಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರಗಳಿವೆಯೆಂದು ತಿಳಿಸಿದನು. ನಾವು ಹೋಗಿ ನೋಡಿದೆವು. ಮೊದಲ ಸಾಲಿನ ‘ಸ್ವಸ್ತಿ’ ಎಂಬುದೊಂದನ್ನು ಬಿಟ್ಟರೆ ನಮಗೇನೂ ತಿಳಿಯಲಿಲ್ಲ. ಬಿ.ಎ., ಬಿ.ಟಿ. ಎರಡೂ ಅಂದು ನಮ್ಮ ಕೈಹಿಡಿಯಲಿಲ್ಲ. ಆ ನಾಚಿಕೆಯೇ ಇಂದು ಈ ಮಹನೀಯರನ್ನು ನೆನೆಯಲು ಕಾರಣವಾಯಿತು.

ಬೆಂಜಮಿನ್ ಲೂಯಿ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಪಾದ್ರಿಗಳು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಬಂದ ರೈಸ್ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಐದು ವರ್ಷಗಳ ತರುವಾಯ ಮೈಸೂರು ಮತ್ತು ಕೊಡಗಿನ ಶಾಲಾ ತಪಾಸಣಾಧಿಕಾರಿಗಳಾದರು. ಹೋಬಳಿಗೊಂದು, ಅಂದರೆ ಕೆಲವು ಹಳ್ಳಿಗಳ ಗುಂಪಿಗೊಂದು ಶಾಲೆ ಬೇಕೆಂಬ 1868ರ ಯೋಜನೆ ಅವರದೇ.

ಶಾಲೆಗಳನ್ನು ನೋಡಲು ಊರೂರು ತಿರುಗುವಾಗ ಗುಡಿಯಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹವಿದ್ದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅಂಥ ಬರಹವೆಂದರೆ ನಿಧಿಯ ಗುರುತೆಂದು ನಂಬಿ ಕಲ್ಲನ್ನೇ ಒಡೆಯುವವರು ನಮ್ಮ ಕಡೆ ಇಂದಿಗೂ ಉಂಟು! ರೈಸ್ ಅವರು ಕನ್ನಡ, ಸಂಸ್ಕೃತ ಪಂಡಿತರ ನೆರವಿನಿಂದ ಅವನ್ನು ಓದಿಸಿ, ಓದಿ, ಅನುವಾದಿಸಿದರು. 1879ರಲ್ಲಿ ಮೊದಲ ಸಂಗ್ರಹ ಹೊರಬಿತ್ತು. 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳು ಪ್ರಕಟವಾದವು, ಅವುಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಕಂಡುಹಿಡಿದವರೂ ಅವರೇ.

ಅವರು ಹೇಳಿದ್ದೆಲ್ಲ ನಿಂತಿತೆಂದು ತಿಳಿಯಬಾರದು. ಗಂಗರಸರ ಅನೇಕ ತಾಮ್ರಪಟಗಳು ಕೃತಕವೆಂದು ಫ್ಲೀಟ್ ಎಂಬ ವಿದ್ವಾಂಸರು ಬಲವಾಗಿ ವಾದಿಸಿದರು, ರೈಸ್ ಒಪ್ಪಲಿಲ್ಲ. ಇಂಥ ಜಗಳಗಳಿಂದ ಇತಿಹಾಸಕ್ಕೆ ಲಾಭವೇ ಆಯಿತೆಂದು ನಮ್ಮ ಮತ.

ಮಕ್ಕಳಿಗೆ ಪ್ರಿಯವಾಗಬಹುದಾದ ಶಾಸನವೊಂದು ಆ ಸಂಪುಟಗಳಲ್ಲಿದೆ. ಮಂಡ್ಯ ಸೀಮೆಯ ಆತಕೂರಿನ ಆ ಕಲ್ಲು ಹತ್ತನೆಯ ಶತಮಾನದ್ದು; ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕ. ಇಂದು ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಲ್ಲು, ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ಗೆದ್ದ ತಕ್ಕೋಲದ ಯುದ್ಧವನ್ನೂ ಹೇಳುತ್ತದೆ. ಆ ಕೃಷ್ಣನ ರಾಜಧಾನಿ ಯಾವುದು? ಮಾನ್ಯಖೇಟ, ಇಂದಿನ ಮಳಖೇಡ. ತಾಂಡೂರಿನ ಮಗ್ಗುಲಲ್ಲಿ ಹರಿಯುವ ನಮ್ಮ ಕಾಗಿಣಾ ನದಿಯೇ ಮುಂದೆ ಮಳಖೇಡದ ಕೋಟೆಯ ಬುಡದಲ್ಲಿ ಹಾಯುತ್ತದೆ. ಅಲ್ಲಿ ಆಳಿದ ನೃಪತುಂಗನ ಕಾಲದ ‘ಕವಿರಾಜಮಾರ್ಗ’ವು 1898ರಲ್ಲಿ ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಅಚ್ಚಾದುದು ರೈಸ್ ಅವರು ನಡೆಸುತ್ತಿದ್ದ ಗ್ರಂಥಮಾಲೆಯಲ್ಲಿಯೇ.

1956ರಲ್ಲಿ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿ ಸರಿಯಿತು, ಕಲ್ಲುಗಳು ಇದ್ದಲ್ಲಿಯೇ ಉಳಿದವು. “ಕನ್ನಡ ಕಲಿತು ನಮ್ಮ ಹುಡುಗ ಏನು ಮಾಡಬೇಕು, ಸರ್?” ಎಂದು ಪ್ರವೇಶದ ದಿನಗಳಲ್ಲಿ ಪಾಲಕರು ಕೇಳುವುದುಂಟು. ನೌಕರಿಯ ಚಿಂತೆ ಸಹಜವಾದುದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ತಮ್ಮೂರಿನ ಕಲ್ಲನ್ನು ಓದಲು ಮುಂದೆ ಯಾರು ಬರುವರೆಂದು ನಾವೂ ಅವರನ್ನು ಕೇಳಬೇಕಾಗಿದೆ.

ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ, 1927ರಲ್ಲಿ ತೀರಿಕೊಂಡರು.

ಆ ಬಾಲಕನ ಊರಿನ ಹಿರಿಯರು ಈಗ ಕಲ್ಲನ್ನು ಬಾವಿಯಿಂದ ತಂದು ಹನುಮಾನ ದೇವರ ಗುಡಿಯ ಗೋಡೆಗೆ ಆನಿಸಿ ನಿಲ್ಲಿಸಿದ್ದಾರೆ. ಬಟ್ಟೆ ಒಗೆಯಲು ಬೇರೊಂದು ಬಂಡೆಯನ್ನು ಹಾಕಿಸಿದ್ದೇವೆ. ಒದ್ದೆ ಹಾಳೆಯನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುವ ಕ್ರಮವಿದೆ. ಅದಕ್ಕಾಗಿ ಪುರಾತತ್ವ ಇಲಾಖೆಗೆ ಪತ್ರ ಬರೆದಿದ್ದೇವೆ. ಒಪ್ಪಿಗೆ ಬಂದ ಮೊದಲ ರವಿವಾರ ನಾವು ಆ ಊರಿಗೆ ಹೋಗುವೆವು. ಜೊತೆಗೆ ಬರುವವರು ಹೆಸರು ಕೊಡಬಹುದು.