ಹಳೆಯ ಪಿಸ್ತೂಲಿನ ಸಾಕ್ಷ್ಯ

ನನ್ನ ಸೋದರಮಾವನವರ ಮನೆಯಲ್ಲಿ ಒಂದು ಹಳೆಯ ಪಿಸ್ತೂಲಿದೆ. ವರ್ಷವೆಲ್ಲ ಅದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಆಯುಧಪೂಜೆಯ ದಿನ ಮಾತ್ರ ಕೆಳಗಿಳಿದು ಬಂದು, ಕುಡುಗೋಲು, ಹಾರೆ, ಈಳಿಗೆಮಣೆಗಳ ನಡುವೆ ಹೂವು ಮುಡಿದು ಕುಳಿತುಕೊಳ್ಳುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಮನೆತನದ ಹಿರಿಯರೊಬ್ಬರು ಟಿಪ್ಪುವಿನ ಕುದುರೆ ಸವಾರರಲ್ಲಿದ್ದರೆಂದೂ, ಅಂದು ಅವರ ಸೊಂಟದಲ್ಲಿದ್ದುದು ಇದೇ ಪಿಸ್ತೂಲೆಂದೂ ನಾವೆಲ್ಲ ಬಾಲ್ಯದಿಂದ ಕೇಳುತ್ತ ಬಂದವರು.

ಕೆಲವು ವರ್ಷಗಳ ಹಿಂದೆ ಪಟ್ಟಣದಿಂದ ಒಬ್ಬ ದಲ್ಲಾಳಿ ಬಂದ. ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಟಿಪ್ಪುವಿನ ಕಾಲದ್ದೆಂದು ಮನೆತನದವರು ಒಂದು ಕಾಗದ ಬರೆದುಕೊಟ್ಟರೆ ಬೆಲೆಯೇ ಬೇರೆ” ಎಂದ. ಮನೆಯ ಮಾಡು ಸೋರುತ್ತಿದ್ದ ಕಾಲ ಅದು. ಮಾವನವರು ನನ್ನನ್ನು ಕರೆಸಿ, “ನೀನು ಓದಿಕೊಂಡವನು, ಹಳೆಯ ಆಯುಧಗಳ ಹುಚ್ಚು ಬೇರೆ. ಒಮ್ಮೆ ನೋಡಿ ಹೇಳಪ್ಪ, ಕಾಗದಕ್ಕೆ ರುಜು ಹಾಕಲೇ?” ಎಂದರು.

ಇಂಥ ಆಯುಧ ಕೈಗೆ ಬಂದಾಗ ಮೊದಲು ನೋಡಬೇಕಾದುದು ಅದರ ಇತಿಹಾಸವನ್ನಲ್ಲ, ಅದರೊಳಗೆ ಮದ್ದು ಗುಂಡುಗಳು ಉಳಿದಿವೆಯೇ ಎಂಬುದನ್ನು. ನಳಿಗೆಯೊಳಕ್ಕೆ ಒಂದು ಕಡ್ಡಿಯನ್ನಿಳಿಸಿ, ಅದು ಇಳಿದಷ್ಟು ಉದ್ದವನ್ನು ಹೊರಗಡೆ ನಳಿಗೆಯ ಮೇಲಿಟ್ಟು ಅಳೆಯಬೇಕು. ತಳ ಮುಟ್ಟದಿದ್ದರೆ ಒಳಗೆ ಏನೋ ಇದೆಯೆಂದೇ ಅರ್ಥ. ನೂರಾರು ವರ್ಷ ಕಳೆದರೂ ಮದ್ದನ್ನು ನಂಬುವಂತಿಲ್ಲ. ನಮ್ಮದು ಬರಿದಾಗಿತ್ತು.

ಇನ್ನು ಗುರುತುಗಳು. ಟಿಪ್ಪುವಿನ ಕಾರ್ಖಾನೆಗಳ ಆಯುಧಗಳಿಗೆ ಅವುಗಳದೇ ಮುಖಲಕ್ಷಣವಿದೆ: ಹುಲಿಯ ಮೈಯ ಪಟ್ಟೆಯನ್ನು ನೆನಪಿಸುವ ವಿನ್ಯಾಸ, ಹುಲಿಯ ಮುಖ, ಆತ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪಿಸ್ತೂಲಿನಲ್ಲಿ ಇವೊಂದೂ ಇರಲಿಲ್ಲ. ಆದರೆ ಗುಂಡು ಹಾರಿಸುವ ಯಂತ್ರವನ್ನು ಕೂರಿಸಿದ ಕಬ್ಬಿಣದ ತಗಡಿನ ಮೇಲೆ, ಎಣ್ಣೆಯ ಜಿಡ್ಡನ್ನು ಮೆಲ್ಲಗೆ ಒರಸಿದಾಗ, ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳಲ್ಲಿ ಕಿರೀಟ ಹಿಡಿದ ಪುಟ್ಟ ಸಿಂಹವೊಂದು ಕಾಣಿಸಿತು.

ಅದು ಈಸ್ಟ್ ಇಂಡಿಯಾ ಕಂಪನಿಯ ಸಿಂಹ. ಕಂಪನಿ ಮೊದಲು ತನ್ನ ಬಂದೂಕುಗಳ ಮೇಲೆ ಹೃದಯದಾಕಾರದೊಳಗೆ ತನ್ನ ಹೆಸರಿನ ಅಕ್ಷರಗಳನ್ನು ಒತ್ತಿಸುತ್ತಿತ್ತು. ಆ ಮುದ್ರೆ ಹೋಗಿ ಸಿಂಹ ಬಂದುದು 1808ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಆಗ ಒಂಬತ್ತು ವರ್ಷವಾಗಿತ್ತು! ಎರಡು ತಲೆಮಾರು ಬೆಳೆದ ಕಥೆಯನ್ನು ಉಗುರಿನಷ್ಟು ಅಗಲದ ಸಿಂಹವೊಂದು ನುಂಗಿಹಾಕಿತು.

ಸಿಂಹವೇ ಖೋಟಾ ಆಗಿರಬಾರದೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಾಯವ್ಯ ಗಡಿನಾಡಿನ ಕಮ್ಮಾರರು ಕಂಪನಿಯ ಮುದ್ರೆಗಳನ್ನು ಧಾರಾಳವಾಗಿ ನಕಲು ಮಾಡಿದ್ದುಂಟು. ಇಂಗ್ಲಿಷ್ ಅರಿಯದ ಆ ಕೈಗಳು ಕೆಲವೊಮ್ಮೆ ಅಕ್ಷರಗಳನ್ನೇ ತಿರುಗುಮುರುಗು ಮಾಡಿ ಸಿಕ್ಕಿಬೀಳುತ್ತವೆ. ನಿಜವಾದ ಮುದ್ರೆ ಒಂದೇ ಏಟಿಗೆ ಒತ್ತಿದ್ದು, ನಕಲು ಎಷ್ಟೋ ವೇಳೆ ಉಳಿಯಿಂದ ಕೆತ್ತಿದ್ದು. ಮರಕ್ಕೂ ಲೋಹಕ್ಕೂ ನಡುವೆ ಸಂದಿಲ್ಲದ ಹೊಂದಿಕೆ, ಒಂದೆಡೆ ಹೆಚ್ಚು ಒಂದೆಡೆ ಕಡಿಮೆಯಾಗಿ ಸಹಜವಾಗಿ ಬಂದ ಸವೆತ, ಇವೆಲ್ಲ ನಮ್ಮದರ ಪರವಾಗಿಯೇ ನುಡಿದವು. ಗಜಕ್ಕೆ ನಳಿಗೆಯ ಬಾಯಿಯ ಬಳಿ ಒಂದು ಕೊಂಡಿಯಿತ್ತು. ಓಡುವ ಕುದುರೆಯ ಮೇಲೆ ಮದ್ದು ಗಿಡಿಯುವಾಗ ಗಜ ಕೈಜಾರಿ ಬೀಳದಿರಲೆಂದು ಮಾಡಿದ ಉಪಾಯವದು. ಅಂದರೆ ಸವಾರನ ಪಿಸ್ತೂಲೆಂಬಷ್ಟು ಮಾತು ಕಥೆಯಲ್ಲಿ ನಿಜವೇ.

ತಗಡಿನಲ್ಲಿ ತುಂಬಿ ಮುಚ್ಚಿದ ತಿರುಪಿನ ರಂಧ್ರಗಳೂ ಇದ್ದವು. ಮೊದಲು ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುತ್ತಿದ್ದ ಪಿಸ್ತೂಲನ್ನು ಆಮೇಲೆ ತಾಮ್ರದ ಕೇಪಿನಿಂದ ಹಾರುವಂತೆ ಮಾರ್ಪಡಿಸಿದ್ದರು. 1830-40ರ ದಶಕಗಳಲ್ಲಿ ಸೈನ್ಯಗಳು ಕೇಪಿನ ಕಡೆಗೆ ಹೊರಳಿದವು. ಇದನ್ನು ಮೋಸವೆನ್ನಲಾಗದು, ಅದು ಆ ಆಯುಧದ ಬಾಳಿನ ಎರಡನೆಯ ಅಧ್ಯಾಯ.

ಹಾಗಾದರೆ ಯಾವ ಸವಾರ? ಟಿಪ್ಪುವಿನ ನಂತರ, 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಇಟ್ಟಿರಬೇಕಾಗಿತ್ತು. ಸ್ವಂತ ಕುದುರೆ, ಸ್ವಂತ ಆಯುಧ ತರುತ್ತಿದ್ದ ಆ ಸಿಲ್ಲೇದಾರರು 1817ರ ಡಿಸೆಂಬರಿನಲ್ಲಿ ದೂರದ ಮಹಿದ್‌ಪುರದ ಕಾಳಗದಲ್ಲಿ ಕಂಪನಿಯ ಪಕ್ಷದಲ್ಲಿ ಕಾದಿದರು. ನಮ್ಮ ಹಿರಿಯರು ಅವರಲ್ಲೊಬ್ಬರಾಗಿದ್ದರೆ? ಹಿಡಿಯ ಹಿತ್ತಾಳೆಯ ಮೇಲೆ ದಳದ ಗುರುತನ್ನೋ ಸಂಖ್ಯೆಯನ್ನೋ ಕೆತ್ತುವ ವಾಡಿಕೆ ಇತ್ತು. ಆತುರದಿಂದ ಹಿತ್ತಾಳೆಯನ್ನು ಬೆಳಕಿಗೆ ಹಿಡಿದೆ. ಕನ್ನಡಿಯಂತೆ ನುಣುಪು. ನಡುವೆ ಎರಡು ಗೀರುಗಳ ನೆರಳು ಮಾತ್ರ.

ಕಾರಣ ತಿಳಿಯಲು ತಡವಾಗಲಿಲ್ಲ. ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಹಿತ್ತಾಳೆಯನ್ನು ಫಳಫಳ ಹೊಳೆಯುವಂತೆ ಉಜ್ಜಿದವರು ನಾವೇ. ಹುಡುಗನಾಗಿದ್ದಾಗ ನಾನೂ ಉಜ್ಜಿದ್ದೇನೆ. ಆ ಹಿರಿಯನ ಬಗ್ಗೆ ಆಯುಧ ಹೇಳಬಹುದಾಗಿದ್ದ ಒಂದೇ ಒಂದು ಮಾತನ್ನು, ಆತನ ಮೇಲಿನ ಭಕ್ತಿಯಿಂದಲೇ ತಲೆಮಾರುಗಟ್ಟಲೆ ಅಳಿಸಿದ್ದೇವೆ. ಹಳೆಯ ವಸ್ತುವಿನ ಬೆಲೆಗೆ ಕಿಲುಬಿಗಿಂತ ದೊಡ್ಡ ಶತ್ರು ಹೊಳಪು.

ಬೆಲೆಯ ಮಾತನ್ನೂ ಹೇಳಬೇಕು. 2019ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ, ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ಒಯ್ದಿದ್ದ ವಸ್ತುಗಳು ಒಂದು ಮನೆಯ ಅಟ್ಟದಿಂದ ಹರಾಜಿಗೆ ಬಂದವು. ಟಿಪ್ಪುವಿನ ಬಂದೂಕವೊಂದಕ್ಕೇ 60,000 ಪೌಂಡು ಸಿಕ್ಕಿತು. ಅಲ್ಲಿ ಆಯುಧವೂ ಅದರ ಹಿಂದಿನ ಕಥೆಯೂ ಒಂದೇ ಮಾತನ್ನಾಡುತ್ತಿದ್ದವು. ಕಂಪನಿ ಸಾವಿರಗಟ್ಟಲೆ ಮಾಡಿಸಿದ ಪಿಸ್ತೂಲಿಗೆ ಆ ಭಾಗ್ಯವಿಲ್ಲ. ನಮ್ಮ ದೇಶದ ಕಾನೂನೂ ನೆನಪಿರಲಿ. ದುರಸ್ತಿ ಮಾಡಿದರೆ ಹಾರಬಹುದಾದ ಆಯುಧ ಎಷ್ಟೇ ಹಳೆಯದಾದರೂ 1959ರ ಆಯುಧ ಕಾಯಿದೆಯ ಹಿಡಿತದಿಂದ ಹೊರಗಲ್ಲ. ಮಾವನವರಲ್ಲಿ ಪರವಾನಗಿ ಇದೆ. ನೂರು ವರ್ಷ ಮೀರಿದ ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ.

ಎಲ್ಲವನ್ನೂ ಹೇಳಿ, “ರುಜು ಹಾಕಬೇಡಿ ಮಾವ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. “ಹಾಗಾದರೆ ನಮ್ಮ ತಾತ ಸುಳ್ಳು ಹೇಳಿದರೇನಪ್ಪ?” ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. “ಸುಳ್ಳಲ್ಲ ಮಾವ. ಅವರಿಗೆ ಕೇಳಿ ಬಂದದ್ದನ್ನು ಅವರು ಹೇಳಿದರು. ಒಬ್ಬ ಸವಾರನ ನೆನಪಿಗೆ ಇನ್ನೊಬ್ಬ ಸವಾರನ ಪಿಸ್ತೂಲು ಸೇರಿಕೊಂಡಿರಬಹುದು” ಎಂದೆ.

ಅಂದು ಸಂಜೆ ಇಬ್ಬರೂ ಕುಳಿತು ಒಂದು ಹಾಳೆಯನ್ನು ಬರೆದೆವು. ಒಂದು ಬದಿಯಲ್ಲಿ ಕಬ್ಬಿಣ ಹೇಳಿದ್ದು, ಇನ್ನೊಂದು ಬದಿಯಲ್ಲಿ ಮನೆಯವರು ಹೇಳುತ್ತ ಬಂದದ್ದು. ಒಂದರೊಳಗೊಂದು ಬೆರೆಯದಂತೆ ನಡುವೆ ಗೆರೆ ಎಳೆದು, ಕೆಳಗೆ ಮಾವನವರು ರುಜು ಹಾಕಿದರು. ದಲ್ಲಾಳಿ ಮತ್ತೆ ಬರಲಿಲ್ಲ. ಮಾಡನ್ನು ಸಾಲ ಮಾಡಿ ಹೊದಿಸಿದ್ದಾಯಿತು.

ಮರುವರ್ಷದ ಆಯುಧಪೂಜೆಗೆ ಹೋದಾಗ ಹಿತ್ತಾಳೆ ಸ್ವಲ್ಪ ಮಂಕಾಗಿತ್ತು. ಹುಣಸೆಹಣ್ಣಿನ ಬಟ್ಟಲು ಹಿಡಿದು ಬಂದ ಮೊಮ್ಮಗನಿಗೆ ಮಾವನವರು, “ಅದಕ್ಕೆ ಬೇಡ ಮಗು, ಒಂದು ಹೂವಿಟ್ಟರೆ ಸಾಕು” ಎನ್ನುತ್ತಿದ್ದರು.