ಚಿಗರಿಯ ಹೆಸರು ಆಫ್ರಿಕಕ್ಕೆ ಹೋದ ದಾರಿ

ದಕ್ಷಿಣ ಆಫ್ರಿಕದ ರಾಷ್ಟ್ರೀಯ ಪ್ರಾಣಿ ಸ್ಪ್ರಿಂಗ್‌ಬಾಕ್. ಅಪಾಯ ಕಂಡರೆ ಬೆನ್ನು ಬಾಗಿಸಿ, ಕಾಲು ಬಿಗಿಹಿಡಿದು ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಅಲ್ಲಿ ನೆಲೆಸಿದ ಡಚ್ಚರು ಅದನ್ನು ‘ನೆಗೆಯುವ ಹೋತ’ ಎಂದು ಕರೆದರು. ಜರ್ಮನಿಯ ಜಿಮ್ಮರ್‌ಮನ್ 1780ರಲ್ಲಿ ಅದಕ್ಕೆ ‘ಆಂಟಿಲೋಪೆ ಮಾರ್ಸುಪಿಯಾಲಿಸ್’ ಎಂಬ ಶಾಸ್ತ್ರೀಯ ಹೆಸರಿಟ್ಟ. ಆ ಹೆಸರಿನ ಮೊದಲ ಪದ ಇಂದು ನಮ್ಮ ಬಯಲಿನ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ ಮಾತ್ರ ಸೇರಿದ್ದು.

ಆ ಪದದ ಕಥೆ ಹೀಗಿದೆ. ಮಧ್ಯಯುಗದ ಯುರೋಪಿನ ಕಥೆಗಳಲ್ಲಿ ‘ಆಂಟಿಲೋಪ್’ ಎಂದರೆ ಗರಗಸದಂಥ ಕೊಂಬಿನ ಕಾಲ್ಪನಿಕ ಮೃಗ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಚಿಗರಿಯನ್ನು ಮೇಕೆಯ ಕುಲಕ್ಕೆ ಸೇರಿಸಿ ‘ಸರ್ವಿಕಾಪ್ರಾ’ ಎಂದ. ಲ್ಯಾಟಿನ್ನಿನಲ್ಲಿ ಸರ್ವಸ್ ಜಿಂಕೆ, ಕಾಪ್ರಾ ಮೇಕೆ. ಆದರೆ ಚಿಗರಿ ಮೇಕೆಯಲ್ಲ, ಜಿಂಕೆಯೂ ಅಲ್ಲ. ಜಿಂಕೆಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರುತ್ತದೆ. ಗಂಡು ಚಿಗರಿಯ ತಿರುಚುಗೊಂಬು ಬದುಕಿರುವತನಕ ಉಳಿಯುತ್ತದೆ. 1766ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿ ಅದಕ್ಕೆ ‘ಆಂಟಿಲೋಪೆ’ ಎಂಬ ಬೇರೆ ಕುಲವನ್ನೇ ಮಾಡಿದ. ಸ್ಪ್ರಿಂಗ್‌ಬಾಕ್‌ನಂತೆ ಆಫ್ರಿಕದ ಇಂಪಾಲ ಎಂಬ ಮೃಗವೂ 1812ರಲ್ಲಿ ಇದೇ ಕುಲಕ್ಕೆ ಬಂತು. ಮುಂದೆ ಅಧ್ಯಯನ ಬೆಳೆದಂತೆ ಇಂಥ ಪ್ರಾಣಿಗಳು ಒಂದೊಂದಾಗಿ ಬೇರೆ ಕುಲಗಳಿಗೆ ಹೋದವು. ಕೊನೆಗೆ ಆ ಕುಲದಲ್ಲಿ ಉಳಿದದ್ದು ಚಿಗರಿಯೊಂದೇ.

ನಮ್ಮ ಬಸವಕಲ್ಯಾಣಕ್ಕೂ ಈ ಪ್ರಾಣಿಗೂ ಹಳೆಯ ನಂಟಿದೆ. ಕೃಷ್ಣಮೃಗ ಸಂಚರಿಸುವ ನಾಡೇ ಧರ್ಮಾಚರಣೆಯ ನಾಡು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಅಲ್ಲಿನ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಒಂದು ನೆಲದ ಯೋಗ್ಯತೆಯನ್ನು ಅಲ್ಲಿ ನಿರ್ಭಯವಾಗಿ ಓಡಾಡುವ ಮೃಗದಿಂದ ಅಳೆದ ಮಾತು ಅದು. ಇಂದಿಗೂ ಅದು ನಮಗೆ ಬೇಕಾದ ಅಳತೆಗೋಲು.

ಬೀದರ್ ಜಿಲ್ಲೆಯ ಬಯಲಲ್ಲಿ ಚಿಗರಿ ಇನ್ನೂ ಇದೆ. 1972ರ ವನ್ಯಜೀವಿ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ. ಚಿಗರಿಗಾಗಿಯೇ 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯವಾಯಿತು. 2007ರಲ್ಲಿ ಮಧುಗಿರಿ ತಾಲ್ಲೂಕಿನ ಜಯಮಂಗಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು. ಆದರೆ ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ತೆರೆದ ಹುಲ್ಲುಗಾವಲು, ದೂರದವರೆಗೆ ಕಣ್ಣು ಹಾಯುವ ಬಯಲು. ಅಂಥ ನೆಲವನ್ನು ನಾವು ಪಾಳು ಎಂದು ಕರೆದು ಗಿಡ ನೆಡುತ್ತೇವೆ, ಇಲ್ಲವೇ ಉಳುತ್ತೇವೆ. ಮೇವು ತಪ್ಪಿದ ಹಿಂಡು ಎಳೆಯ ಬೆಳೆಗೆ ಬಾಯಿ ಹಾಕಿದರೆ ನಷ್ಟ ರೈತನದು.

ಆದ್ದರಿಂದ ಮಂಠಾಳ, ಹುಮನಾಬಾದ ಕಡೆಯ ಕೇಳುಗರಲ್ಲಿ ನನ್ನ ವಿನಂತಿ: ಊರಿನ ಗಾಯರಾಣವನ್ನು, ಅಂದರೆ ಗೋಮಾಳವನ್ನು ಉಳಿಸಿಕೊಳ್ಳಿ. ದನಕ್ಕೂ ಚಿಗರಿಗೂ ಅದೇ ಹುಲ್ಲು. ಬೆಳೆ ಕಳೆದುಕೊಂಡ ರೈತನಿಗೆ ತಕ್ಕ ಪರಿಹಾರ ಬೇಗ ಸಿಗಲೆಂದು ಒಟ್ಟಾಗಿ ಕೇಳೋಣ. ರೈತನ ಹೊಟ್ಟೆ ತಣ್ಣಗಿದ್ದರೆ ಮಾತ್ರ ಚಿಗರಿಯ ಬದುಕೂ ನಿಶ್ಚಿಂತೆ.